ಗ್ಯಾಮಕ್ಸಿನ್ ಪುಡಿಯ ಒಡಹುಟ್ಟುಗಳು

ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಬೇಸಾಯ ಮಾಡಿದ ಕನ್ನಡಿಗರಿಗೆ ಗ್ಯಾಮಕ್ಸಿನ್ ಪುಡಿಯ ಪರಿಚಯ ಹೇಳಬೇಕಾಗಿಲ್ಲ. ಗೋಡೆ ಬುಡದ ಇರುವೆ ಸಾಲಿಗೆ, ತೋಟದ ಗೆದ್ದಲಿಗೆ, ಶೇಂಗಾ ಹೊಲದ ಕಂಬಳಿಹುಳುವಿಗೆ, ಭತ್ತದ ತೆನೆಯ ಹಾಲು ಹೀರುವ ತಿಗಣೆಗೆ ಎಲ್ಲಕ್ಕೂ ಅದೇ ಪುಡಿ, ಅದೇ ಮುಗ್ಗಲು ವಾಸನೆ. ಸರ್ಕಾರದ ಕಾಗದಗಳಲ್ಲಿ ಅದರ ಹೆಸರು ಬಿಎಚ್‌ಸಿ (ಬೆಂಜೀನ್ ಹೆಕ್ಸಾಕ್ಲೋರೈಡ್) ಶೇಕಡಾ 10 ಎಂದಿತ್ತು. ಆ ಹತ್ತನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೂರು ಕಿಲೋ ಪುಡಿಯಲ್ಲಿ ತೊಂಬತ್ತು ಕಿಲೋ ಬರೀ ಜೇಡಿ, ಸುಣ್ಣಕಲ್ಲು, ಸೋಪುಗಲ್ಲಿನಂಥ ಪುಡಿ. ಹತ್ತು ಕಿಲೋ ಬಿಎಚ್‌ಸಿ. ಆ ಹತ್ತರಲ್ಲಿ ಹುಳುವನ್ನು ನಿಜವಾಗಿ ಕೊಲ್ಲುವ ಭಾಗ ಒಂದರಿಂದ ಒಂದೂವರೆ ಕಿಲೋ ಮಾತ್ರ. ಮಿಕ್ಕ ಎಂಟೂವರೆ ಒಂಬತ್ತು ಕಿಲೋ ಅದೇ ಹೆಸರು ಹೊತ್ತು, ಅದೇ ಚೀಲದಲ್ಲಿ ಕೂತು, ಹುಳುವಿಗೆ ಹೆಚ್ಚೇನೂ ಮಾಡದೆ ನೇರವಾಗಿ ಮಣ್ಣಿಗೆ ಹೋಗುತ್ತಿತ್ತು. ಒಂದು ಕೀಟನಾಶಕದ ಬೇರೆ ಬೇರೆ ರಾಸಾಯನಿಕ ರೂಪಗಳನ್ನು ಒಂದೇ ಎಂದು ಬರೆಯಬೇಕೋ ಹಲವು ಎಂದು ಬರೆಯಬೇಕೋ ಎನ್ನುವುದು ನೋಂದಣಿ ಕಚೇರಿಗಳ ಹಳೆಯ ಪ್ರಶ್ನೆ. ಈ ಪುಡಿಯ ಇತಿಹಾಸ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಆ ಕಚೇರಿಗಳು ಗೆರೆ ಎಳೆದದ್ದು ಕಾರ್ಖಾನೆಯಲ್ಲಿ ಹುಟ್ಟುವುದನ್ನು ನೋಡಿ ಅಲ್ಲ, ಅಂಗಡಿಯಲ್ಲಿ ಮಾರುವುದನ್ನು ನೋಡಿ. ಮಾರದೆ ಉಳಿದದ್ದು ಲೆಕ್ಕದಿಂದ ಹೊರಗೇ ಉಳಿಯಿತು.

ಬೆಂಜೀನನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟ ಮೈಕೆಲ್ ಫ್ಯಾರಡೆ 1825ರಲ್ಲೇ ಅದಕ್ಕೆ ಬಿಸಿಲಿನಲ್ಲಿ ಕ್ಲೋರಿನ್ ಕೂಡಿಸಿ ಬಿಎಚ್‌ಸಿಯನ್ನು ತಯಾರಿಸಿದ್ದ. ಆರು ಇಂಗಾಲದ ಒಂದು ಉಂಗುರ, ಒಂದೊಂದು ಇಂಗಾಲಕ್ಕೂ ಒಂದು ಹೈಡ್ರೋಜನ್, ಒಂದು ಕ್ಲೋರಿನ್. ಪರಮಾಣುಗಳ ಲೆಕ್ಕ ಇಷ್ಟೇ. ಆದರೆ ಆ ಆರು ಕ್ಲೋರಿನ್‌ಗಳಲ್ಲಿ ಯಾವುದು ಉಂಗುರದ ಮೇಲ್ಗಡೆ, ಯಾವುದು ಕೆಳಗಡೆ ಎನ್ನುವುದರ ಮೇಲೆ ಬೇರೆ ಬೇರೆ ವಸ್ತುಗಳಾಗುತ್ತವೆ. ಇವೇ ಐಸೋಮರ್‌ಗಳು, ಶಾಲೆಯ ಪುಸ್ತಕಗಳಲ್ಲಿ ಸಮಾಂಗಿಗಳು. ಕಾರ್ಖಾನೆಯ ಕೊಪ್ಪರಿಗೆಯಿಂದ ಇವು ಯಾವಾಗಲೂ ಒಟ್ಟಿಗೇ ಇಳಿಯುತ್ತವೆ: ಆಲ್ಫಾ ಶೇಕಡಾ 60ರಿಂದ 70, ಬೀಟಾ 5ರಿಂದ 12, ಗ್ಯಾಮಾ 10ರಿಂದ 15, ಡೆಲ್ಟಾ 6ರಿಂದ 10, ಜೊತೆಗೆ ಚೂರು ಎಪ್ಸಿಲಾನ್. ಡಚ್ ರಸಾಯನಶಾಸ್ತ್ರಜ್ಞ ವಾನ್ ಡರ್ ಲಿಂಡನ್ 1912ರಲ್ಲಿ ಗ್ಯಾಮಾ ರೂಪವನ್ನು ಬೇರ್ಪಡಿಸಿ ವಿವರಿಸಿದ. ಅದು ಕೀಟ ಕೊಲ್ಲುತ್ತದೆಂದು ಗೊತ್ತಾಗಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಎರಡನೇ ಮಹಾಯುದ್ಧದ ನಡುವೆ ಫ್ರಾನ್ಸಿನಲ್ಲೂ ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಪ್ರಯೋಗಾಲಯದಲ್ಲೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಅದು ಬಯಲಾಯಿತು. ಕೊಲ್ಲುವ ಕಸುವು ಇದ್ದದ್ದು ಗ್ಯಾಮಾದಲ್ಲಿ. ಇಂಗ್ಲಿಷ್ ಕಂಪನಿ ಅದೇ ಅಕ್ಷರವನ್ನು ಹಿಡಿದು ತನ್ನ ಸರಕಿಗೆ ಹೆಸರಿಟ್ಟಿತು. ನಮ್ಮ ಹಳ್ಳಿಗಳ ಬಾಯಲ್ಲಿ ಅದು ಗ್ಯಾಮಕ್ಸಿನ್ ಆಯಿತು. ಭಾರತಕ್ಕೆ ಈ ಪುಡಿ ಸ್ವಾತಂತ್ರ್ಯದ ಬೆನ್ನಿಗೇ ಮಿಡತೆ ಹತೋಟಿಗೆಂದು ಬಂತು. 1952ರಲ್ಲಿ ಕಲ್ಕತ್ತದ ಹತ್ತಿರ ಶುರುವಾದ ಬಿಎಚ್‌ಸಿ ಕಾರ್ಖಾನೆಯೇ ನಮ್ಮಲ್ಲಿ ಕೀಟನಾಶಕ ತಯಾರಿಕೆಯ ಆರಂಭ ಎಂದು ಗಣಿಸಲಾಗಿದೆ.

ಗ್ಯಾಮಾವನ್ನು ಉಳಿದವುಗಳಿಂದ ಬೇರ್ಪಡಿಸಿ ಮಾರುವ ರೂಢಿ ಯಾಕೆ ಬಂತು ಎನ್ನುವುದನ್ನು ಗಮನಿಸಬೇಕು. ಮನುಷ್ಯರ ಆರೋಗ್ಯದ ಯೋಚನೆಯಿಂದಲ್ಲ, ರುಚಿ ಕೆಟ್ಟಿದ್ದರಿಂದ. ಮಿಶ್ರ ಪುಡಿ ಎರಚಿದ ನೆಲದಲ್ಲಿ ಬೆಳೆದ ಆಲೂಗಡ್ಡೆಯಂಥ ಗೆಡ್ಡೆಗಳಿಗೆ ಮುಗ್ಗಲು ರುಚಿ ಅಂಟುತ್ತಿತ್ತು, ಗಿರಾಕಿಗಳು ಬೇಡವೆನ್ನುತ್ತಿದ್ದರು. ಶುದ್ಧ ಗ್ಯಾಮಾಕ್ಕೆ ಆ ವಾಸನೆ ಇರಲಿಲ್ಲ. ಹೀಗಾಗಿ ಶೇಕಡಾ 99ಕ್ಕೆ ಕಡಿಮೆಯಿಲ್ಲದ ಗ್ಯಾಮಾಕ್ಕೆ ವಾನ್ ಡರ್ ಲಿಂಡನ್‌ನ ನೆನಪಿನಲ್ಲಿ ಲಿಂಡೇನ್ ಎಂಬ ಪ್ರತ್ಯೇಕ ಹೆಸರು ಬಂತು, ಆ ಹೆಸರಿಗೆ ಪ್ರತ್ಯೇಕ ನೋಂದಣಿ ಬಂತು. ಶೇಕಡಾ 99 ಎಂಬ ಆ ಒಂದು ಗೆರೆಯ ಈಚೆಗಿದ್ದದ್ದು ಲಿಂಡೇನ್, ಆಚೆಗಿದ್ದದ್ದು ಬಿಎಚ್‌ಸಿ. ಬಿಎಚ್‌ಸಿ ಎಂಬ ಹೆಸರಾದರೂ ಸರಿಯೇ ಎಂದರೆ ಅದೂ ಅಲ್ಲ. ಬೆಂಜೀನ್ ಹೆಕ್ಸಾಕ್ಲೋರೈಡ್ ಎಂದು ಬರೆದರೆ ಹೆಕ್ಸಾಕ್ಲೋರೋಬೆಂಜೀನ್ ಎಂಬ ಇನ್ನೊಂದು ವಿಷದ ಜೊತೆ ಗೊಂದಲವಾಗುತ್ತದೆ. ಎರಡನೆಯದರಲ್ಲಿ ಒಂದೇ ಒಂದು ಹೈಡ್ರೋಜನ್ ಕೂಡ ಇಲ್ಲ. 1950ರ ದಶಕದಲ್ಲಿ ಟರ್ಕಿಯಲ್ಲಿ ಬಿತ್ತನೆ ಗೋಧಿಗೆ ಅದನ್ನು ಸವರಿದ್ದರು, ಆ ಗೋಧಿ ತಿಂದ ಸಾವಿರಾರು ಮಂದಿ ಕಾಯಿಲೆ ಬಿದ್ದರು. ಇಂಥ ಎರಡು ವಿಷಗಳ ಹೆಸರು ಅದಲುಬದಲಾದರೆ ತೊಡಕು ಕಾಗದದಲ್ಲೇ ನಿಲ್ಲುವುದಿಲ್ಲ.

ನಮ್ಮ ದೇಶದ ಕಾನೂನು ಹುಟ್ಟಿದ್ದು ಬೇರೊಂದು ವಿಷದ ದೆಸೆಯಿಂದ. 1958ರಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿಗೆ ಪ್ಯಾರಾಥಿಯಾನ್ ತಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಹಿಟ್ಟಿನ ಮೂಟೆಯೂ ವಿಷದ ಡಬ್ಬಿಯೂ ಒಂದೇ ಹಡಗಿನಲ್ಲಿ ಬಂದಿದ್ದವು. ನಮ್ಮ ಜನ ಪಾಲಿಡಾಲ್ ಎನ್ನುತ್ತಿದ್ದದ್ದು ಈ ಪ್ಯಾರಾಥಿಯಾನನ್ನೇ. ಆ ದುರಂತದ ವಿಚಾರಣೆಯ ಹಾದಿಯಲ್ಲಿ 1968ರ ಕೀಟನಾಶಕ ಕಾಯ್ದೆ ಬಂತು, 1971ರಲ್ಲಿ ನಿಯಮಗಳು ಬಂದವು. ಕಾಯ್ದೆಗೆ ಒಂದು ಪಟ್ಟಿಯನ್ನು ಜೋಡಿಸಿದರು; ಆ ಪಟ್ಟಿಯಲ್ಲಿ ಹೆಸರಿದ್ದರೆ ಕೀಟನಾಶಕ. ನೋಂದಣಿ ಸಮಿತಿಯ ಮುಂದೆ ಬರುವವರು ಕಲಂ 9(3)ರಲ್ಲಿ ಪೂರ್ತಿ ಮಾಹಿತಿ ಕೊಟ್ಟು ಹೊಸದಾಗಿ ನೋಂದಾಯಿಸಬೇಕು, ಅಥವಾ ಬೇರೆಯವರು ಈಗಾಗಲೇ ನೋಂದಾಯಿಸಿದ ವಸ್ತುವೇ ತಮ್ಮದೂ ಎಂದು 9(4)ರಲ್ಲಿ ಬರಬೇಕು. ಈ ಎರಡನೇ ಬಾಗಿಲು ಇರುವುದರಿಂದಲೇ 'ಎರಡೂ ಒಂದೇನಾ' ಎಂಬ ಪ್ರಶ್ನೆಗೆ ಅಷ್ಟು ಬೆಲೆ. ಒಂದೇ ಎಂದಾದರೆ ಹೊಸ ಪರೀಕ್ಷೆ ಬೇಕಾಗುವುದಿಲ್ಲ. ಬೇರೆ ಎಂದಾದರೆ ವರ್ಷಗಟ್ಟಲೆ ಪ್ರಯೋಗ, ದೊಡ್ಡ ಖರ್ಚು. ತಕ್ಷಣ ಕೊಲ್ಲುವ ವಿಷದ ಭಯದಲ್ಲಿ ಹುಟ್ಟಿದ ಈ ಕಾಯ್ದೆಯ ಕಣ್ಣು ಡಬ್ಬಿಯ ಮೇಲೆ ನೆಟ್ಟಿತ್ತು: ಒಳಗೆ ಏನಿದೆ, ಎಷ್ಟು ಶುದ್ಧ, ಚೀಟಿಯ ಮೇಲೆ ಕೆಂಪು ಬಣ್ಣವೋ ಹಳದಿಯೋ. ಅದು ತಪ್ಪು ಎನ್ನಲಾಗದು, ಪಾಲಿಡಾಲ್ ಕಂಡ ದೇಶ ಮೊದಲು ಅದನ್ನೇ ನೋಡಬೇಕಿತ್ತು. ಆದರೆ ಡಬ್ಬಿ ತುಂಬಿಸಿದ ಮೇಲೆ ಕಾರ್ಖಾನೆಯ ಹಿತ್ತಲಿನಲ್ಲಿ ಏನು ಮಿಕ್ಕಿತು ಎಂಬುದು ಆ ಕಣ್ಣಿಗೆ ಬೀಳಲಿಲ್ಲ.

ಮಿಕ್ಕಿದ್ದು ಸಣ್ಣ ಮೊತ್ತವಲ್ಲ. ಒಂದು ಟನ್ ಲಿಂಡೇನ್ ತೆಗೆಯಲು ಆರರಿಂದ ಹತ್ತು ಟನ್ ಇತರ ಸಮಾಂಗಿಗಳು ಉಳಿಯುತ್ತವೆ. ಭತ್ತ ಕುಟ್ಟಿಸುವ ಮನೆಯವರು ಅಕ್ಕಿಯ ಜೊತೆ ತೌಡಿನ ಲೆಕ್ಕವನ್ನೂ ಕೇಳುತ್ತಾರೆ, ಇಲ್ಲಿ ಕೇಳುವವರಿರಲಿಲ್ಲ. ಸ್ಪೇನಿನ ಸಾಬಿನ್ಯಾನಿಗೋ ಎಂಬ ಊರಿನಲ್ಲಿ 1975ರಿಂದ ಒಂದು ಲಿಂಡೇನ್ ಕಾರ್ಖಾನೆ ನಡೆಯಿತು. ಅದರ ತ್ಯಾಜ್ಯ ಲಕ್ಷ ಟನ್‌ಗೂ ಮಿಕ್ಕಿ ಸಾರ್ದಾಸ್, ಬೈಲಿನ್ ಎಂಬ ಎರಡು ಗುಂಡಿಗಳಿಗೆ ಸೇರಿತು. ಕಾರ್ಖಾನೆ ಮುಚ್ಚಿ ದಶಕಗಳಾದ ಮೇಲೆ, 2014ರಲ್ಲಿ, ಬೈಲಿನ್ ಗುಂಡಿಯ ತ್ಯಾಜ್ಯವನ್ನು ಸ್ಥಳಾಂತರಿಸುವ ಹೊತ್ತಿಗೆ ಅದು ಗಾಯೇಗೋ ನದಿಗೆ ಇಳಿದು ಕೆಳಗಿನ ಊರುಗಳ ಕುಡಿಯುವ ನೀರನ್ನು ಕೆಡಿಸಿತು. ನಮ್ಮಲ್ಲೂ ಲಖನೌ ಹತ್ತಿರದ ಉಮ್ಮಾರಿಯಲ್ಲಿ ಇಂಥದೇ ಸುರಿದ ನೆಲವಿದೆ. ಈ ವಿಷದಲ್ಲೇ ಬದುಕುವ ಬ್ಯಾಕ್ಟೀರಿಯಾಗಳನ್ನು ವಿಜ್ಞಾನಿಗಳು ಅಲ್ಲಿನ ಮಣ್ಣಿನಲ್ಲಿ ಹುಡುಕುತ್ತಿದ್ದಾರೆ. ಹೀಗೆ ಉಳಿದದ್ದು ನಿರುಪಯೋಗಿ, ಆದರೆ ನಿರುಪದ್ರವಿಯಲ್ಲ. ಬೀಟಾ ರೂಪದ ಕ್ಲೋರಿನ್‌ಗಳೆಲ್ಲ ಉಂಗುರದ ಅಂಚಿಗೆ ಚಾಚಿ ಕೂತಿರುತ್ತವೆ, ಅದಕ್ಕೇ ಅದು ಸುಲಭಕ್ಕೆ ಒಡೆಯುವುದಿಲ್ಲ. ಮನುಷ್ಯನ ಕೊಬ್ಬಿನಲ್ಲಿ, ತಾಯಿಯ ಹಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ನಿಲ್ಲುವುದು ಅದೇ. ಆಲ್ಫಾ ಗಾಳಿಯ ಬೆನ್ನೇರಿ ಉತ್ತರ ಧ್ರುವದ ಸಮುದ್ರ ಸೇರಿದೆ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಆಲ್ಫಾ, ಬೀಟಾ, ಗ್ಯಾಮಾ, ಡೆಲ್ಟಾ ನಾಲ್ಕನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತದೆ. ಲೀಟರ್ ನೀರಿನಲ್ಲಿ ಗ್ಯಾಮಾ 2 ಮೈಕ್ರೋಗ್ರಾಂವರೆಗೆ ಇರಬಹುದು, ಬೀಟಾ ಮತ್ತು ಡೆಲ್ಟಾ 0.04, ಆಲ್ಫಾ ಬರೀ 0.01. ಮಾರಾಟವಾದ ರೂಪಕ್ಕಿಂತ ಮಾರಾಟವಾಗದ ರೂಪದ ಮೇಲೆ ಇನ್ನೂರು ಪಟ್ಟು ಬಿಗಿ. ಆಲ್ಫಾ ಎಂಬ ಹೆಸರಿನ ಯಾವ ಔಷಧಿಯೂ ಎಂದೂ ಅಂಗಡಿಗೆ ಬಂದದ್ದಲ್ಲ. ನೀರು ಪರೀಕ್ಷಿಸುವವರಿಗೆ ಗೊತ್ತಿರುವ ಹೆಸರು ಕೀಟನಾಶಕ ನೋಂದಾಯಿಸುವವರ ಪಟ್ಟಿಯಲ್ಲಿ ಇಲ್ಲದೆ ಹೋಯಿತು ಎನ್ನುವುದು ನನ್ನ ವಾದದ ತಿರುಳು.

ಇದಕ್ಕೆ ಎದುರು ಮಾತುಗಳಿವೆ, ಅವುಗಳಲ್ಲಿ ತೂಕವೂ ಇದೆ. ಗ್ಯಾಮಾವನ್ನು ಬೇರ್ಪಡಿಸಿ ನೋಂದಾಯಿಸದಿದ್ದರೆ ಉಳಿದ ಸಮಾಂಗಿಗಳ ನೂರಕ್ಕೆ ಎಂಬತ್ತೈದು ತೊಂಬತ್ತು ಪಾಲು ಹೊಲಕ್ಕೇ ಬೀಳುತ್ತಿತ್ತಲ್ಲ, ಗುಂಡಿಯಲ್ಲಿ ಬಿದ್ದದ್ದು ಮೇಲಲ್ಲವೇ ಎಂದು ಕೇಳಬಹುದು. ಹೊಲದ ಮಟ್ಟಿಗೆ ಖಂಡಿತ ಮೇಲು. ಅಮೆರಿಕ 1970ರ ದಶಕದ ಕೊನೆಗೆ ಮಿಶ್ರ ಪುಡಿಯನ್ನು ಬಿಟ್ಟು ಲಿಂಡೇನ್ ಒಂದನ್ನೇ ಉಳಿಸಿಕೊಂಡಿತು. ಭಾರತ 1997ರ ಏಪ್ರಿಲ್ 1ರಿಂದ ಬಿಎಚ್‌ಸಿ ನಿಷೇಧಿಸಿ ಲಿಂಡೇನ್ ಮುಂದುವರಿಸಿತು. ಅಂದಿಗೆ ಅದು ಮುಂದಿನ ಹೆಜ್ಜೆಯೇ. ಆದರೆ ಮಿಶ್ರ ಪುಡಿಯನ್ನು ನಿಷೇಧಿಸಿದ ದಿನವೂ ಲಿಂಡೇನಿನ ಕಾರ್ಖಾನೆಯಲ್ಲಿ ಮೊದಲು ಇಳಿಯುತ್ತಿದ್ದದ್ದು ಅದೇ ಮಿಶ್ರಣ. ನಿಷೇಧ ತಟ್ಟಿದ್ದು ಮಾರಾಟಕ್ಕೆ, ತಯಾರಿಕೆಯ ಮೊದಲ ಹಂತಕ್ಕಲ್ಲ. ತ್ಯಾಜ್ಯವನ್ನು ನೋಡಲು ಮಾಲಿನ್ಯ ನಿಯಂತ್ರಣದ ಕಾನೂನು ಬೇರೆ ಇದೆಯಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟು: ಆ ಇಲಾಖೆ ನೋಡುವುದು ಕೊಳವೆಯನ್ನು, ಚಿಮಣಿಯನ್ನು, ಗುಂಡಿಯನ್ನು. ಯಾವ ಕ್ರಿಯೆಯಲ್ಲಿ ಯಾವ ಸಮಾಂಗಿ ಎಷ್ಟು ಪಾಲು ಹುಟ್ಟುತ್ತದೆ ಎಂಬ ವಿವರ ಮೊದಲು ಬಂದು ಕೂರುವುದು ನೋಂದಣಿ ಸಮಿತಿಯ ಕಡತದಲ್ಲಿ. ತಯಾರಿಕೆಯ ವಿಧಾನ, ಕಲ್ಮಶಗಳ ಪ್ರಮಾಣ ಎಲ್ಲವನ್ನೂ ಅರ್ಜಿದಾರರಿಂದ ಕೇಳಿ ಪಡೆಯುವುದು ಅದೇ ಸಮಿತಿ. ಗೊತ್ತಿದ್ದವರು ಬರೆಯಲಿಲ್ಲ, ಬರೆಯಬೇಕಾದವರಿಗೆ ಗೊತ್ತಾಗಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಪ್ರತಿಯೊಂದು ರೂಪವನ್ನೂ ಬೇರೆ ವಸ್ತುವೆಂದು ಹಿಡಿದರೆ ನೋಂದಣಿ ಎಂದಿಗೂ ಮುಗಿಯದು, ಅದೇ ಪ್ರಯೋಗಕ್ಕೆ ಮತ್ತೆ ಮತ್ತೆ ಪ್ರಾಣಿಗಳು ಸಾಯುತ್ತವೆ, ಔಷಧಿಯ ಬೆಲೆ ರೈತನ ತಲೆಗೆ ಬೀಳುತ್ತದೆ. ಕಳೆನಾಶಕ 2,4-ಡಿಯನ್ನೇ ನೋಡಿ. ನಮ್ಮಲ್ಲಿ ಅದು ಸೋಡಿಯಂ ಲವಣ ಶೇಕಡಾ 80, ಅಮೈನ್ ಲವಣ ಶೇಕಡಾ 58, ಈಥೈಲ್ ಎಸ್ಟರ್ ಶೇಕಡಾ 38 ಎಂದು ಮೂರು ವೇಷದಲ್ಲಿ ಸಿಗುತ್ತದೆ. ಗಿಡದೊಳಗೆ ಹೋದ ಮೇಲೆ ಮೂರೂ ಒಂದೇ ಆಮ್ಲ. ಆದ್ದರಿಂದ ಎಲ್ಲವನ್ನೂ ಆಮ್ಲದ ಲೆಕ್ಕಕ್ಕೆ ಇಳಿಸಿ ಅಳೆಯುವ ಪದ್ಧತಿ ಲೋಕದಲ್ಲೆಲ್ಲ ಇದೆ, ಅದು ನ್ಯಾಯವೂ ಹೌದು. ಆದರೆ ಎಸ್ಟರ್ ರೂಪ ಬಿಸಿಲಿಗೆ ಆವಿಯಾಗಿ ಪಕ್ಕದ ಹೊಲಕ್ಕೆ ಹಾರುತ್ತದೆ, ಸೋಡಿಯಂ ಲವಣ ಹಾಗೆ ಹಾರುವುದಿಲ್ಲ. ಹತ್ತಿ ಬೆಳೆದವರಿಗೆ ಈ ವ್ಯತ್ಯಾಸ ಗೊತ್ತು: ಎಲೆಗಳು ಸೀಳಿ ಬೆರಳಿನಂತೆ ಸಣ್ಣಗಾಗುತ್ತವೆ, ಗಾಳಿಯ ದಿಕ್ಕು ನೋಡಿದರೆ ಯಾವ ಗದ್ದೆಯಲ್ಲಿ ಔಷಧಿ ಹೊಡೆದರು ಎಂದು ಹೇಳಬಹುದು. ಹಾಗಾಗಿ ಒಂದೇ ಅಥವಾ ಬೇರೆ ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಬೇಕಿಲ್ಲ. ದೇಹದೊಳಗಿನ ಕೆಲಸಕ್ಕೆ ಒಂದು ಎಂದು ಎಣಿಸಿ, ಗಾಳಿಯಲ್ಲಿನ ನಡತೆಗೆ ಬೇರೆ ಎಂದು ಎಣಿಸಬಹುದು. ಎಂಟು ಸಮಾಂಗಿಗಳ ಸೈಪರ್‌ಮೆಥ್ರಿನ್, ಅದರಿಂದ ಆರಿಸಿದ ಆಲ್ಫಾಸೈಪರ್‌ಮೆಥ್ರಿನ್ ಎರಡನ್ನೂ ನಮ್ಮ ಸಮಿತಿ ಬೇರೆ ಬೇರೆಯಾಗಿಯೇ ನೋಂದಾಯಿಸಿದೆ. ಪ್ರತಿ ರೂಪಕ್ಕೂ ಹೊಸ ಪ್ರಯೋಗ ಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿ ರೂಪದ ಎಣಿಕೆ ಬೇಕು ಎನ್ನುತ್ತಿದ್ದೇನೆ. ಎಣಿಕೆಗೆ ಇಲಿಯೂ ಬೇಡ, ಹೊಸ ಪ್ರಯೋಗಾಲಯವೂ ಬೇಡ.

ಎಣಿಸುವುದು ಆಗದ ಕೆಲಸವೇನೂ ಅಲ್ಲವೆಂದು ತೋರಿಸಿದ್ದು ಸುಲಭಕ್ಕೆ ನಾಶವಾಗದ ವಿಷಗಳ ಮೇಲಿನ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದ. ಮೆಕ್ಸಿಕೋ 2005ರಲ್ಲಿ ಲಿಂಡೇನನ್ನು ನಿಷೇಧದ ಪಟ್ಟಿಗೆ ಸೂಚಿಸಿತು. ಅಷ್ಟಕ್ಕೇ ಬಿಡದೆ ಮರುವರ್ಷ ಆಲ್ಫಾ, ಬೀಟಾಗಳನ್ನೂ ಅವುಗಳ ಹೆಸರಿನಲ್ಲೇ ಸೂಚಿಸಿತು. 2009ರ ಮೇ ತಿಂಗಳಲ್ಲಿ ಮೂರೂ ಪಟ್ಟಿಗೆ ಸೇರಿದವು. ಪ್ರತ್ಯೇಕ ಸರಕಾಗಿ ಮಾರುಕಟ್ಟೆಯ ಮುಖ ನೋಡದ ಎರಡು ವಸ್ತುಗಳು ಕೀಟನಾಶಕಗಳ ಸಾಲಿನಲ್ಲಿ ಮೊದಲ ಸಲ ತಮ್ಮ ಹೆಸರಿನಲ್ಲಿ ನಿಂತವು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ 2006ರಲ್ಲಿ ಲಿಂಡೇನ್ ಜೊತೆಗೆ ಇತರ ಸಮಾಂಗಿಗಳ ಅಪಾಯವನ್ನೂ ಒಟ್ಟಿಗೆ ಅಳೆದಿತ್ತು. ಲಿಂಡೇನ್ ಪಟ್ಟಿಗೆ ಸೇರಿದ ಎರಡೇ ವರ್ಷದ ನಂತರ, 2011ರಲ್ಲಿ, ಎಂಡೋಸಲ್ಫಾನ್ ಎಂಬ ಕೀಟನಾಶಕದ ಸರದಿ ಬಂದಾಗ ಒಪ್ಪಂದದ ಪಟ್ಟಿಯಲ್ಲಿ ಬರೆದದ್ದು ಎಂಡೋಸಲ್ಫಾನ್ ಮತ್ತು ಅದರ ಸಮಾಂಗಿಗಳು ಎಂದು. ಅದರಲ್ಲೂ ಆಲ್ಫಾ, ಬೀಟಾ ಎಂಬ ಎರಡು ರೂಪ ಸುಮಾರು ಏಳಕ್ಕೆ ಮೂರರ ಪಾಲಿನಲ್ಲಿ ಇರುತ್ತವೆ, ಮಣ್ಣಿನಲ್ಲಿ ಎರಡೂ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಇನ್ನಷ್ಟು ಕಾಲ ಉಳಿಯುತ್ತವೆ. ಹೆಲಿಕಾಪ್ಟರ್‌ನಿಂದ ಗೇರು ತೋಟಗಳಿಗೆ ಸುರಿದ ಆ ಮದ್ದಿನ ಪಾಡನ್ನು ಕಾಸರಗೋಡಿನ ಎಣ್ಮಕಜೆಯವರಿಗೂ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಯವರಿಗೂ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೂಲ ರೂಪಗಳನ್ನಷ್ಟೇ ಹುಡುಕಿ ಸಲ್ಫೇಟನ್ನು ಬಿಟ್ಟ ಪರೀಕ್ಷೆ ಅಂಥ ಊರಿನ ಮಣ್ಣನ್ನು ಸ್ವಚ್ಛ ಎಂದು ಹೇಳಿಬಿಡಬಹುದು, ಅಷ್ಟು ಸೂಕ್ಷ್ಮ ಈ ಹೆಸರಿಡುವ ಕೆಲಸ.

ಭಾರತದಲ್ಲಿ ಲಿಂಡೇನ್ ತಯಾರಿಕೆ 2011ರ ಮಾರ್ಚ್‌ನಲ್ಲಿ ನಿಂತಿತು, ಬಳಕೆ 2013ರ ಮಾರ್ಚ್‌ನಲ್ಲಿ. ಗ್ಯಾಮಕ್ಸಿನ್ ಕಥೆ ಅಲ್ಲಿಗೆ ಮುಗಿಯಿತು ಎನ್ನಬಹುದಾದರೂ ಅದನ್ನು ನೋಂದಾಯಿಸಿದ ಕಾಯ್ದೆ ಇನ್ನೂ 1968ರದ್ದೇ. ಅದರ ಜಾಗಕ್ಕೆ ಹೊಸದನ್ನು ತರುವ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂತು, 2020ರಲ್ಲಿ ಮತ್ತೆ ಬಂತು. ಇಂಥ ಮಸೂದೆ ಬಂದಾಗಲೆಲ್ಲ ನಮ್ಮ ರೈತ ಸಂಘಟನೆಗಳು ನಕಲಿ ಔಷಧಿ, ದಂಡ, ಪರಿಹಾರದ ಬಗ್ಗೆ ಪ್ರಶ್ನೆ ಎತ್ತುತ್ತವೆ, ಎತ್ತಲೇಬೇಕು. ಅವುಗಳ ಜೊತೆ ಇದೊಂದನ್ನೂ ಸೇರಿಸಿಕೊಳ್ಳಲಿ: ನೋಂದಣಿಯ ಅರ್ಜಿಯಲ್ಲಿ ಒಂದು ಹೆಚ್ಚಿನ ಅಂಕಣ ಇರಬೇಕು. ಈ ವಸ್ತುವನ್ನು ಒಂದು ಟನ್ ಮಾಡುವಾಗ ಇದರ ಒಡಹುಟ್ಟುಗಳು ಯಾವುವು ಹುಟ್ಟುತ್ತವೆ, ಎಷ್ಟು ಹುಟ್ಟುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ಕಾರ್ಖಾನೆಯವರು ಅಲ್ಲಿ ಬರೆದು ಸಹಿ ಹಾಕಬೇಕು, ಅದು ಕಾರ್ಖಾನೆ ಇರುವ ಊರಿನ ಪಂಚಾಯಿತಿಗೂ ಓದಲು ಸಿಗಬೇಕು.