ಹೊರಗಡೆ ಹಲ್ಲಿರುವ ಇಕ್ಕಳ

ಬಾಣಂತನಕ್ಕೆಂದು ಊರಿನಿಂದ ನಮ್ಮ ನ್ಯೂಯಾರ್ಕ್-ನ್ಯೂಜೆರ್ಸಿಯ ಮನೆಗಳಿಗೆ ಬರುವ ಅಜ್ಜಿಯರು, ಕೂಸು ಹಾಲು ಕಕ್ಕಿದರೆ ಅಷ್ಟಾಗಿ ಗಾಬರಿಪಡುವುದಿಲ್ಲ. ಹೆಚ್ಚಿನ ಸಲ ಅವರ ಮಾತೇ ಸರಿ. ಆದರೆ ಮೂರರಿಂದ ಆರು ವಾರದ ಮಗು, ಅದರಲ್ಲೂ ಗಂಡುಮಗು, ಕುಡಿದ ಹಾಲನ್ನೆಲ್ಲ ಪಿಚಕಾರಿಯಂತೆ ಚಿಮ್ಮಿಸಿ, ಮರುಕ್ಷಣವೇ ಹಸಿದು ಅಳತೊಡಗಿದರೆ ದೃಷ್ಟಿ ತೆಗೆಯುತ್ತ ಕೂರುವಂತಿಲ್ಲ. ಜಠರದ ಕೆಳಬಾಗಿಲಾದ ಪೈಲೋರಸ್‌ನ ಸ್ನಾಯು ದಪ್ಪಗಾಗಿ ದಾರಿ ಮುಚ್ಚಿರಬಹುದು.

ಡೆನ್ಮಾರ್ಕಿನ ಹಿರ್ಶ್‌ಸ್ಪ್ರುಂಗ್ 1888ರಲ್ಲಿ ಈ ರೋಗವನ್ನು ಸ್ಪಷ್ಟವಾಗಿ ವರ್ಣಿಸಿದರು. ವರ್ಣನೆಯೇನೋ ಆಯಿತು, ನೆಚ್ಚಬಹುದಾದ ಚಿಕಿತ್ಸೆ ಇರಲಿಲ್ಲ. ಜಠರವನ್ನು ಕರುಳಿಗೆ ಜೋಡಿಸುವ ದೊಡ್ಡ ಶಸ್ತ್ರಕ್ರಿಯೆಯನ್ನು ತಾಳಲಾರದೆ, ಮೊದಲೇ ಸೊರಗಿದ್ದ ಎಷ್ಟೋ ಶಿಶುಗಳು ತೀರಿಕೊಳ್ಳುತ್ತಿದ್ದವು. 1907ರಲ್ಲಿ ಪ್ಯಾರಿಸ್ಸಿನ ಫ್ರೆಡೆ ಒಳಪೊರೆಯನ್ನು ಮುಟ್ಟದೆ ಸ್ನಾಯುವನ್ನಷ್ಟೇ ಉದ್ದಕ್ಕೆ ಸೀಳಿ, ಅಡ್ಡಕ್ಕೆ ಹೊಲಿದರು. 1911ರಲ್ಲಿ ಜರ್ಮನಿಯ ರಾಮ್‌ಸ್ಟೆಟ್ ಹಾಗೆಯೇ ಹೊಲಿಯಹೋದರೆ ದಾರ ಸ್ನಾಯುವನ್ನೇ ಹರಿದುಕೊಂಡು ಬಂತು! ಬೇರೆ ದಾರಿ ಕಾಣದೆ ಸೀಳನ್ನು ತೆರೆದೇ ಬಿಟ್ಟರು. ಮಗು ಬದುಕಿತು. ಮರುವರ್ಷ ಎರಡನೆಯ ಮಗುವಿನಲ್ಲಿ ಹೊಲಿಗೆಯ ಗೊಡವೆಗೇ ಹೋಗಲಿಲ್ಲ.

ಈ ವಿದ್ಯೆ ಬೇಗನೆ ಹಡ್ಸನ್ ತೀರಕ್ಕೂ ಬಂತು. ಮ್ಯಾನ್‌ಹಟನ್ನಿನ ಬೇಬೀಸ್ ಹಾಸ್ಪಿಟಲ್‌ನ ಡಾ. ವಿಲಿಯಂ ಡೌನ್ಸ್ 1920ರಲ್ಲಿ ಇಂಥ 175 ಶಿಶುಗಳ ಶಸ್ತ್ರಕ್ರಿಯೆಯ ಅನುಭವವನ್ನು ಪ್ರಕಟಿಸಿದರು. ಆ ಕಾಲಕ್ಕೆ ಇದು ದೊಡ್ಡ ಸಂಖ್ಯೆ. ವಾಷಿಂಗ್ಟನ್ ಹೈಟ್ಸ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆಗಿರುವ ಮಕ್ಕಳ ಆಸ್ಪತ್ರೆ ಅದರದೇ ಮುಂದುವರಿಕೆ.

ಇಲ್ಲಿ ಹರಿತಕ್ಕಿಂತ ಮೊಂಡಿಗೇ ಬೆಲೆ. ಚಾಕು ಮೇಲ್ಪದರದಲ್ಲಿ ಒಂದು ಗೀರೆಳೆದು ಸರಿಯಬೇಕು. ಮುಂದಿನದು ಅಗಲಿಸುವ ಕೆಲಸ. ಅದಕ್ಕೆ ಚಾಕುವಿನ ಹಿಡಿಯ ಮೊಂಡು ತುದಿಯೂ ಆದೀತು. ಡೆಟ್ರಾಯಿಟ್‌ನ ಶಿಶು ಶಸ್ತ್ರವೈದ್ಯ ಕ್ಲಿಫರ್ಡ್ ಬೆನ್ಸನ್ ಅವರ ಹೆಸರಿನ ಸ್ಪ್ರೆಡರ್ ಇದಕ್ಕೆಂದೇ ಹುಟ್ಟಿದ್ದು. ಸಾಮಾನ್ಯ ಇಕ್ಕಳದ ಹಲ್ಲು ಒಳಗಡೆ, ಹಿಡಿಯುವುದಕ್ಕೆ. ಇದರದು ಹೊರಗಡೆ, ಜಾರದೆ ಸ್ನಾಯುವನ್ನು ಎರಡೂ ಬದಿಗೆ ತಳ್ಳುವುದಕ್ಕೆ. ಸೀಳಿನಲ್ಲಿ ಒಳಪೊರೆ ಉಬ್ಬಿ ಕಾಣಬೇಕು, ತೂತಾಗಬಾರದು. ಸಣ್ಣಕರುಳಿನ ಕಡೆಯ ತುದಿಯಲ್ಲೇ ಅಪಾಯ ಹೆಚ್ಚು. ದಪ್ಪ ಸ್ನಾಯು ಅಲ್ಲಿ ತಟ್ಟನೆ ಮುಗಿಯುತ್ತದೆ. ಕೊನೆಗೆ ನಳಿಕೆಯಿಂದ ಜಠರಕ್ಕೆ ಗಾಳಿ ತುಂಬಿ, ಎಲ್ಲಾದರೂ ಸೋರುವುದೇ ಎಂದು ನೋಡುವುದುಂಟು. 1991ರಲ್ಲಿ ಫ್ರಾನ್ಸಿನಿಂದ ವರದಿಯಾದ ಲ್ಯಾಪರೊಸ್ಕೋಪಿಯಲ್ಲೂ ಸಣ್ಣ ರಂಧ್ರಗಳ ಮೂಲಕ ನಡೆಯುವುದು ಇದೇ ಅಗಲಿಸುವಿಕೆ.

ನನ್ನನ್ನು ಕೇಳಿದರೆ, ಇಕ್ಕಳದಷ್ಟೇ ಶ್ರೇಯಸ್ಸು ಸಲೈನ್ ಬಾಟಲಿಗೂ ಸಲ್ಲಬೇಕು. ವಾಂತಿಯಲ್ಲಿ ನೀರು, ಕ್ಲೋರೈಡ್, ಪೊಟ್ಯಾಸಿಯಂ ಕಳೆದುಕೊಂಡ ಕೂಸಿಗೆ ಅರಿವಳಿಕೆ ಕೊಡುವುದೇ ಅಪಾಯ. "ಆಪರೇಷನ್ ಈಗಲೇ ಯಾಕಿಲ್ಲ, ಡಾಕ್ಟರೇ?" ಎಂದು ತಂದೆತಾಯಿ ಚಡಪಡಿಸುತ್ತಾರೆ. ರಕ್ತಪರೀಕ್ಷೆ ಸರಿಹೋಗುವವರೆಗೆ, ಒಂದು ದಿನವಾದರೂ ಸರಿ, ಕಾಯಲೇಬೇಕು. ಶಸ್ತ್ರಕ್ರಿಯೆಯಾದ ಕೆಲವೇ ಗಂಟೆಗಳಲ್ಲಿ ಹಾಲು ಶುರು. ಮೊದಲೆರಡು ದಿನ ಮಗು ಒಂದಷ್ಟು ಕಕ್ಕುವುದು ಸಾಮಾನ್ಯ.