ಮಂಗಳೂರಿನ ಅಕ್ಕಿ, ಅಮಿನಿಯ ನಾರು

ಅರಬ್ಬಿ ಸಮುದ್ರದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್ ಮತ್ತು ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಮಿನ್‌ದಿವಿ ಎಂದು ಕರೆಯುವ ಈ ಐದೂ ಹವಳದ ದ್ವೀಪಗಳು. ಮರಳಿನಡಿ ಸಿಹಿನೀರಿನ ತೆಳು ಪದರ, ಮೇಲೆ ತೆಂಗಿನ ತೋಟ, ಸುತ್ತ ಮೀನು. ಅಲ್ಲಲ್ಲಿ ನೆಲವನ್ನು ಅಗೆದು ತಗ್ಗು ಮಾಡಿ ಒಂದಿಷ್ಟು ಧಾನ್ಯ ಬೆಳೆಯುತ್ತಿದ್ದರೂ ಅದು ವರ್ಷದ ಊಟಕ್ಕೆ ಸಾಲುತ್ತಿರಲಿಲ್ಲ. ಅಕ್ಕಿ ಕಡಲು ದಾಟಿಯೇ ಬರಬೇಕಿತ್ತು, ಬರುತ್ತಿದ್ದದ್ದು ಹೆಚ್ಚಾಗಿ ಮಂಗಳೂರಿನಿಂದ.

ಕರಾವಳಿಯ ಅಕ್ಕಿ ವ್ಯಾಪಾರ ತುಂಬ ಹಳೆಯದು. ಇಂದಿನ ಶಿವಮೊಗ್ಗ ಮತ್ತು ಅದರ ಹತ್ತಿರದ ಸೋಗಾನೆ ಹಳ್ಳಿಯ ಸೀಮೆಯನ್ನೂ ಮಂಗಳೂರಿನ ಬಂದರನ್ನೂ ಇಕ್ಕೇರಿ, ಬಿದನೂರಿನ ನಾಯಕರು ಒಟ್ಟಿಗೆ ಆಳುತ್ತಿದ್ದ ಕಾಲದಲ್ಲಿ ಗೋವಾದ ಪೋರ್ಚುಗೀಸರು ಕೂಡ ಕೆನರಾ ಎಂದು ಕರೆಯುತ್ತಿದ್ದ ಈ ಕರಾವಳಿಯ ಅಕ್ಕಿಯನ್ನೇ ನೆಚ್ಚಿಕೊಂಡಿದ್ದರು. ಅವರು ನಾಯಕರೊಂದಿಗೆ ಮಾಡಿಕೊಂಡ ಒಪ್ಪಂದಗಳಲ್ಲಿ ಅಕ್ಕಿಯ ಮಾತು ಮತ್ತೆಮತ್ತೆ ಬರುತ್ತದೆ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಮಂಗಳೂರೂ ಅವನ ವಶಕ್ಕೆ ಬಂತು. ಆಗ ದ್ವೀಪಗಳೆಲ್ಲ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಆ ಆಡಳಿತದ ಕಿರುಕುಳ ತಾಳಲಾರದೆ 1780ರ ದಶಕದಲ್ಲಿ ಅಮಿನಿಯವರು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅಮಿನಿ ಸೇರಿದ ಉತ್ತರದ ಐದು ದ್ವೀಪಗಳು ಮೈಸೂರಿಗೆ ಬಂದವು, ದಕ್ಷಿಣದವು ಅರಕ್ಕಲ್ ಮನೆತನದ ಬಳಿಯೇ ಉಳಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಐದೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಸೇರಿದವು.

ದ್ವೀಪಕ್ಕೂ ಸರ್ಕಾರಕ್ಕೂ ನಡುವಿನ ಕೊಂಡಿ ತೆಂಗಿನ ನಾರು. ಸಿಪ್ಪೆಯನ್ನು ಆಳವಿಲ್ಲದ ಕಡಲಿನ ಅಂಚಿನ ಮರಳಿನಲ್ಲಿ ಗುಂಡಿ ತೋಡಿ ಹೂತು, ಮೇಲೆ ಕಲ್ಲು ಹೇರಿ ತಿಂಗಳುಗಟ್ಟಲೆ ಕೊಳೆಸುತ್ತಿದ್ದರು. ಕೊಳೆತದ್ದನ್ನು ತೆಗೆದು ಮರದ ಕೊಡತಿಯಿಂದ ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ಹೊಸೆದು ಹುರಿ ಮಾಡುವುದು ಹೆಂಗಸರ ಕೆಲಸ. ಈ ಹುರಿಯನ್ನು ಬೇರೆ ಯಾರಿಗೂ ಮಾರುವಂತಿರಲಿಲ್ಲ. ಅರಕ್ಕಲ್ ಮನೆತನ 18ನೆಯ ಶತಮಾನದಲ್ಲಿ ಹೂಡಿದ ಈ ಏಕಸ್ವಾಮ್ಯವನ್ನು ಕಂಪನಿಯೂ ಬಿಡಲಿಲ್ಲ. ಮಳೆಗಾಲ ಕಳೆದ ಮೇಲೆ ಓಡಗಳು ಹುರಿ ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದವು. ಸರ್ಕಾರಿ ಉಗ್ರಾಣದಲ್ಲಿ ಹುರಿಯನ್ನು ತೂಗಿ, ದರ್ಜೆ ಹಾಕಿ, ಬೆಲೆಯ ಬಹುಪಾಲನ್ನು ಅಕ್ಕಿಯಲ್ಲೇ ತೀರಿಸುತ್ತಿದ್ದರು. ಕರಾವಳಿಯಲ್ಲಿ ಅಕ್ಕಿಯನ್ನು ಒಣಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಮುಡಿಗಳಲ್ಲಿ ಇಡುವುದು ರೂಢಿ. ಒಳಗಿನ ಕಾಳಿಗೆ ತೇವ ತಾಗದಂತೆ ಕಾಯುವ ಈ ಕಟ್ಟು ಮನೆಯ ಅಟ್ಟಕ್ಕೂ ಒದಗುತ್ತಿತ್ತು, ಹಡಗಿಗೂ ಒದಗುತ್ತಿತ್ತು.

ಇದನ್ನು ನೆರವು ಎನ್ನಲಾಗದು. ಹುರಿಯ ತೂಕ, ಅದರ ದರ್ಜೆ, ಅಕ್ಕಿಯ ದರ ಎಲ್ಲವೂ ಕೊಳ್ಳುವವನ ಕೈಯಲ್ಲಿದ್ದ ವ್ಯಾಪಾರ ಅದು. ಆದರೆ ಪೇಟೆಯಲ್ಲಿ ಅಕ್ಕಿ ತುಟ್ಟಿಯಾದ ವರ್ಷವೂ ಗೊತ್ತುಮಾಡಿದ ದರಕ್ಕೇ ಅಕ್ಕಿ ಸಿಗುತ್ತಿದ್ದುದರಿಂದ ಬಡ ಮನೆಗಳಿಗೆ ಅದು ಒಂದು ಆಸರೆಯೂ ಹೌದು. ನಾರಿನ ಪೇಟೆ ಬಿದ್ದಾಗ ನಷ್ಟ ಸರ್ಕಾರಕ್ಕೆ, ಏರಿದಾಗ ಲಾಭವೂ ಸರ್ಕಾರಕ್ಕೆ. ಆಸರೆಯೂ ಹಿಡಿತವೂ ಒಂದೇ ಉಗ್ರಾಣದಲ್ಲಿದ್ದವು. ದ್ವೀಪದಲ್ಲಿ ಸರ್ಕಾರದ ಪರವಾಗಿ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅಮಿನಿಯಲ್ಲಿದ್ದ ಮೊಣೆಗಾರ. 20ನೆಯ ಶತಮಾನದಲ್ಲೂ ಈ ಪದ್ಧತಿ ಮುಂದುವರಿಯಿತು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ಮೂರು ಪಾಲಾಯಿತು. ಕಾಸರಗೋಡು ಕೇರಳಕ್ಕೆ, ಅಮಿನ್‌ದಿವಿ ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ, ಉಳಿದದ್ದು ಮೈಸೂರು ರಾಜ್ಯಕ್ಕೆ. ದ್ವೀಪಗಳ ಕಚೇರಿ ಮೊದಲು ಕೋಳಿಕ್ಕೋಡಿನಲ್ಲಿತ್ತು, 1964ರಲ್ಲಿ ಕವರತ್ತಿಗೆ ಹೋಯಿತು. 1973ರಲ್ಲಿ ಇಡೀ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂತು. ಆಡಳಿತ ಮಂಗಳೂರನ್ನು ಬಿಟ್ಟರೂ ಅಕ್ಕಿ ಬಿಡಲಿಲ್ಲ. ನಗರದ ಹಳೇ ಬಂದರಿನಿಂದ ಮಂಜಿ ಎಂಬ ಸರಕಿನ ಹಡಗುಗಳು ದಿನಸಿ, ತರಕಾರಿ, ಕಟ್ಟಡ ಸಾಮಾನು ಹೊತ್ತು ಇಂದಿಗೂ ಹೋಗುತ್ತವೆ. ಮಾರಾಟದ ಕೆಲಸವನ್ನು ಆಯಾ ದ್ವೀಪದ ಸಹಕಾರ ಸಂಘಗಳು ವಹಿಸಿಕೊಂಡವು, ನ್ಯಾಯಬೆಲೆ ಅಂಗಡಿಗಳೂ ಅವುಗಳ ಕೈಗೆ ಬಂದವು. 1965ರಲ್ಲಿ ಭಾರತ ಆಹಾರ ನಿಗಮ ಆರಂಭವಾದ ಮೇಲೆ ದೇಶದ ಪಡಿತರಕ್ಕೆ ಒಂದೇ ದೊಡ್ಡ ಕಣಜ ಸಿಕ್ಕಿತು.

ಪಡಿತರ ಕಾಯ್ದೆಬದ್ಧ ಹಕ್ಕಾದದ್ದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಿಂದ. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಎಂಬ ಲೆಕ್ಕ ಸೋಗಾನೆಯ ಕಾರ್ಡಿಗೂ ಅಮಿನಿಯ ಕಾರ್ಡಿಗೂ ಒಂದೇ. ತಲುಪಲು ಕಷ್ಟವಾದ ದೂರದ ಪ್ರದೇಶಗಳ ದುರ್ಬಲರ ಕಡೆ ವಿಶೇಷ ಗಮನ ಕೊಡಬೇಕೆಂದು ಕಾಯ್ದೆಯ 30ನೆಯ ಕಲಮು ಹೇಳುತ್ತದೆ. ಎಲ್ಲ ದೇಶಗಳೂ ದ್ವೀಪಗಳನ್ನು ಹೀಗೆ ನೋಡಿಲ್ಲ. ಅಮೆರಿಕ 1974ರಲ್ಲಿ ತನ್ನ ಫುಡ್ ಸ್ಟ್ಯಾಂಪ್ ಯೋಜನೆಯನ್ನು ಪೋರ್ಟೊರಿಕೊ ದ್ವೀಪಕ್ಕೆ ವಿಸ್ತರಿಸಿ, 1982ರಲ್ಲಿ ಹಿಂತೆಗೆದುಕೊಂಡು, ಬದಲಿಗೆ ಮಿತಿ ಹಾಕಿದ ಇಡಿಗಂಟಿನ ಅನುದಾನ ಕೊಟ್ಟಿತು. ಅಲ್ಲಿನ ಹಸಿವು ಹೆಚ್ಚಿದರೂ ಹಣ ತಾನಾಗಿ ಹೆಚ್ಚುವುದಿಲ್ಲ. ಭಾರತದಲ್ಲಿ ಚಂಡೀಗಢ ಮತ್ತು ಪುದುಚೇರಿ 2015ರಲ್ಲಿ ಧಾನ್ಯದ ಬದಲು ನಗದು ವರ್ಗಾವಣೆಗೆ ಹೊರಳಿದವು. ಅಕ್ಕಿಯೆಲ್ಲ ಹಡಗಿನಲ್ಲೇ ಬರಬೇಕಾದ ದ್ವೀಪಕ್ಕೆ ಆ ಮಾರ್ಗ ಹೊಂದುವುದು ಕಷ್ಟ, ಹಣ ಕೈಯಲ್ಲಿದ್ದರೂ ಅಂಗಡಿಯಲ್ಲಿ ಕಾಳಿರಬೇಕಲ್ಲ.

ದ್ವೀಪಗಳು ಹಡಗನ್ನೇ ನೆಚ್ಚಿಕೊಂಡಿರುವುದು 2020ರ ಲಾಕ್‌ಡೌನಿನಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಪಡಿತರ ಧಾನ್ಯ ಮಂಗಳೂರಿನಿಂದಲೇ ಹಡಗು ಹತ್ತಿ ದ್ವೀಪಗಳಿಗೆ ಹೋಯಿತು. 2023ರ ಜನವರಿಯಿಂದ ಕಾಯ್ದೆಯಡಿಯ ಧಾನ್ಯ ದೇಶಕ್ಕೆಲ್ಲ ಉಚಿತವಾಯಿತು. ಆದರೆ ಮುಂಗಾರಿನ ತಿಂಗಳುಗಳಲ್ಲಿ ಮಂಜಿಗಳ ಸಂಚಾರ ನಿಲ್ಲುತ್ತದೆ. ಆ ತಿಂಗಳುಗಳ ಅಕ್ಕಿಯನ್ನು ಮೇ ತಿಂಗಳೊಳಗೇ ಮಂಗಳೂರಿನಲ್ಲಿ ಹೇರಿ ಕಳಿಸಬೇಕಾಗುತ್ತದೆ.