ಎರಡು ಗಾಲಿ, ಜೋಡಿ ಚೀಲ

ಬೈಸಿಕಲ್ಲಿನ ಇತಿಹಾಸವನ್ನು ನೀವು ಎಲ್ಲಾದರೂ ಓದಿದ್ದರೆ, ಅದು ಬಹುಮಟ್ಟಿಗೆ ವೇಗದ ಇತಿಹಾಸವಾಗಿರುತ್ತದೆ. ೧೮೧೭ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಫಾನ್ ಡ್ರೈಸ್ ಎಂಬಾತ ನೆಲಕ್ಕೆ ಕಾಲೂರಿ ತಳ್ಳಿಕೊಂಡು ಹೋಗುವ ಎರಡು ಗಾಲಿಯ ಯಂತ್ರವನ್ನು ಓಡಿಸಿದ. ೧೮೬೦ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಅದರ ಮುಂದಿನ ಗಾಲಿಗೆ ಪೆಡಲ್ ಬಂತು. ಆಮೇಲೆ ಮುಂದಿನ ಗಾಲಿ ಆಳೆತ್ತರಕ್ಕೆ ಬೆಳೆಯಿತು. ಕೊನೆಗೆ ಎರಡು ಗಾಲಿಗಳೂ ಸರಿಸಮವಾದವು. ಯಾರು ಎಷ್ಟು ಬೇಗ ಹೋದರು ಎಂಬುದೇ ಈ ಕಥೆಯ ಎಳೆ.

ಇಂದು ಬೇರೊಂದು ಪ್ರಶ್ನೆಯನ್ನು ಕೇಳೋಣ. ಹೋದವರು ಸರಿ, ಬರುವಾಗ ಏನನ್ನು ಹೊತ್ತು ತಂದರು? ಎಲ್ಲಿಟ್ಟು ತಂದರು? ದಿನಸಿ ಅಂಗಡಿಯಿಂದ ಅಕ್ಕಿ, ಬೇಳೆ, ಸೊಪ್ಪು ತರಲು ನಿಮ್ಮನ್ನು ಮನೆಯವರು ಸೈಕಲ್ಲಿನಲ್ಲಿ ಕಳಿಸುತ್ತಾರಲ್ಲ, ಅಂಥ ಕೆಲಸಕ್ಕೆ ವೇಗಕ್ಕಿಂತ ಚೀಲ ಮುಖ್ಯ. ಹ್ಯಾಂಡಲ್ಲಿಗೆ ನೇತುಹಾಕಿದ ಚೀಲ ಮುಂದಿನ ಗಾಲಿಯ ಕಡ್ಡಿಗೆ ಸಿಕ್ಕಿ ಸವಾರ ಮುಗ್ಗರಿಸುವುದು ನಮ್ಮ ಬೀದಿಗಳಲ್ಲಿ ಹೊಸ ಸಂಗತಿಯಲ್ಲ. ಆದ್ದರಿಂದ ಚೀಲದ ಇತಿಹಾಸ ಕೈಕಾಲಿನ ಕ್ಷೇಮದ ವಿಷಯವೂ ಹೌದು.

ಬ್ರೆಡ್ಡಿನ ಬುಟ್ಟಿ, ಎತ್ತಿನ ಹಸುಬೆ

ಸೈಕಲ್ಲಿನ ಹಿಂದಿನ ಗಾಲಿಯ ಎರಡೂ ಪಕ್ಕಕ್ಕೆ ತೂಗುವ ಚೀಲಗಳನ್ನು ಪಶ್ಚಿಮದವರು ಪ್ಯಾನಿಯರ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ‘ಪಾನಿಸ್’ ಎಂದರೆ ಬ್ರೆಡ್ಡು. ಬ್ರೆಡ್ಡು ಇಡುವ ಬುಟ್ಟಿ ‘ಪಾನಾರಿಯಂ’. ಅದು ಫ್ರೆಂಚಿನಲ್ಲಿ ‘ಪಾನಿಯೇ’ ಆಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು, ಕತ್ತೆ ಕುದುರೆಗಳ ಬೆನ್ನಿನ ಎರಡೂ ಬದಿಗೆ ತೂಗುಹಾಕುವ ಬುಟ್ಟಿಗಳ ಹೆಸರಾಯಿತು. ಸೈಕಲ್ ಬಂದಾಗ ಕತ್ತೆಯ ಹೆಸರನ್ನೇ ಸೈಕಲ್ಲಿಗೂ ಕೊಟ್ಟರು.

ನಮ್ಮಲ್ಲಿಯೂ ಇದಕ್ಕೊಂದು ಹಳೆಯ ಮಾತಿದೆ: ‘ಹಸುಬೆ’. ಹೆಗಲ ಮೇಲೆ ಅಥವಾ ಎತ್ತಿನ ಬೆನ್ನಿನ ಮೇಲೆ ಅಡ್ಡಲಾಗಿ ಹಾಕಿ, ಎರಡೂ ಕಡೆ ಸಮತೂಕವಾಗಿ ಇಳಿಬಿಡುವ ಜೋಡಿ ಚೀಲ ಅದು. ರಸ್ತೆಗಳು ಗಾಡಿಗೆ ಯೋಗ್ಯವಾಗಿರದ ಕಾಲದಲ್ಲಿ ದಖ್ಖನ್ನಿನ ಉಪ್ಪು, ದವಸಗಳೆಲ್ಲ ಹೇರೆತ್ತುಗಳ ಬೆನ್ನ ಮೇಲೆ ಹೀಗೆಯೇ ಸಂಚರಿಸಿದವು. ಈ ಸಾಗಾಟದಲ್ಲಿ ಪಳಗಿದವರು ಬಂಜಾರರು, ಅಂದರೆ ನಮ್ಮ ಲಂಬಾಣಿಗರು.

೧೭೯೧ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದಿದ್ದ ಕಾರ್ನ್‌ವಾಲಿಸ್, ಸಾಮಾನು ಎಳೆಯುವ ದನಗಳು ಸತ್ತು ದವಸ ತೀರಿದ್ದರಿಂದ, ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಮುಂದೆ ಅವನ ಸೈನ್ಯಕ್ಕೆ ದವಸ ಒದಗಿಸಿದವರಲ್ಲಿ ಬಂಜಾರರ ಪಾತ್ರ ದೊಡ್ಡದು. ೧೭೯೨ರಲ್ಲಿ ಟಿಪ್ಪು ಸುಲ್ತಾನ್ ಒಪ್ಪಂದಕ್ಕೆ ಬರಬೇಕಾಯಿತು. ಯುದ್ಧದ ಫಲಿತಾಂಶಕ್ಕೆ ಕಾರಣಗಳು ಅನೇಕ, ನಿಜ. ಆದರೆ ಆ ಕಾರಣಗಳ ಪಟ್ಟಿಯಲ್ಲಿ ಎತ್ತಿನ ಬೆನ್ನಿನ ಚೀಲವೂ ಒಂದು ಎಂಬುದನ್ನು ಮರೆಯಬಾರದು.

ಚೀಲಕ್ಕೆ ಜಾಗವೇ ಇಲ್ಲದ ಸೈಕಲ್

ಈಗ ಸೈಕಲ್ಲಿಗೆ ಮರಳೋಣ. ೧೮೭೦ರ ದಶಕದ ಎತ್ತರದ ಸೈಕಲ್ಲಿನಲ್ಲಿ ಸವಾರ ಮುಂದಿನ ದೊಡ್ಡ ಗಾಲಿಯ ನೆತ್ತಿಯ ಮೇಲೆ ಕುಳಿತಿರುತ್ತಿದ್ದ. ಹಿಂದಿನ ಗಾಲಿ ತಟ್ಟೆಯಷ್ಟು ಸಣ್ಣದು. ಸಾಮಾನು ಇಡಲು ಎಲ್ಲಿ ಜಾಗ? ಥಾಮಸ್ ಸ್ಟೀವನ್ಸ್ ಎಂಬ ಸಾಹಸಿ ೧೮೮೪ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದ ಇಂಥದೇ ಸೈಕಲ್ಲಿನಲ್ಲಿ ಹೊರಟು, ೧೮೮೬ರ ಡಿಸೆಂಬರಿನಲ್ಲಿ ಜಪಾನಿನ ಯೋಕೋಹಾಮಾದಲ್ಲಿ ಭೂಪ್ರದಕ್ಷಿಣೆಯನ್ನು ಮುಗಿಸಿದ. ನಡುವೆ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ನಮ್ಮ ದೇಶವನ್ನೂ ಹಾದುಹೋದ. ಅವನು ಹೊರಟಾಗ ಒಯ್ದದ್ದೆಂದರೆ ಕಾಲುಚೀಲ, ಒಂದು ಬದಲಿ ಅಂಗಿ, ಗುಡಾರಕ್ಕೂ ಹಾಸಿಗೆಗೂ ಒದಗುವ ಒಂದು ಮಳೆಯಂಗಿ, ಒಂದು ರಿವಾಲ್ವರ್. ಜಗತ್ತನ್ನೇ ಸುತ್ತಿದವನು ಒಂದು ವಾರದ ದಿನಸಿಯನ್ನು ಮನೆಗೆ ತರಲಾರದವನಾಗಿದ್ದ!

ಬದಲಾವಣೆ ತಂದದ್ದು ೧೮೮೫ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ‘ರೋವರ್’. ಎರಡೂ ಗಾಲಿಗಳು ಹೆಚ್ಚು ಕಡಿಮೆ ಒಂದೇ ಅಳತೆ. ಪೆಡಲಿನ ಶಕ್ತಿ ಚೈನಿನ ಮೂಲಕ ಹಿಂದಿನ ಗಾಲಿಗೆ. ಸವಾರ ಎರಡು ಗಾಲಿಗಳ ನಡುವೆ ಕುಳಿತ. ಹಿಂದಿನ ಗಾಲಿಯ ಮೇಲೂ ಪಕ್ಕದಲ್ಲೂ ಜಾಗ ತೆರವಾಯಿತು. ಮೂರು ವರ್ಷ ಕಳೆದು, ೧೮೮೮ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ. ಕುಲುಕಾಟ ತಗ್ಗಿತು, ಮೊಟ್ಟೆಯನ್ನು ಒಡೆಯದೆ ತರುವುದು ಸಾಧ್ಯವಾಯಿತು. ಸೈಕಲ್ ಆಟದ ವಸ್ತುವಿನಿಂದ ಕೆಲಸದ ವಸ್ತುವಾಗಿ ಮಾರ್ಪಟ್ಟದ್ದು ಈ ಎರಡು ಹೆಜ್ಜೆಗಳಿಂದ.

ನೇಕಾರರ ಊರಿನ ಚೀಲಗಳು

ಜಾಗವೇನೋ ಸಿಕ್ಕಿತು, ಮಳೆಗೆ ಏನು ಮಾಡುವುದು? ಉತ್ತರ ಬಂದದ್ದು ಇಂಗ್ಲೆಂಡಿನ ಲ್ಯಾಂಕಷೈರ್ ಎಂಬ ಹತ್ತಿ ಗಿರಣಿಗಳ ನಾಡಿನಿಂದ. ಅಲ್ಲಿನ ನೆಲ್ಸನ್ ಪಟ್ಟಣದಲ್ಲಿ ವಿಲ್ಫ್ ಕ್ಯಾರಡೈಸ್ ೧೯೩೦ರ ದಶಕದಲ್ಲಿ ದಪ್ಪ ಹತ್ತಿಯ ಕ್ಯಾನ್ವಾಸಿನಿಂದ ಸೈಕಲ್ ಚೀಲ ಹೊಲಿಯತೊಡಗಿದ. ಅದೇ ಸೀಮೆಯಲ್ಲಿ ೧೯೪೬ರಲ್ಲಿ ಪಾರ್ಸನ್ಸ್ ದಂಪತಿಗಳು ‘ಕ್ಯಾರಿಮೋರ್’ ಎಂಬ ಹೆಸರಿನಲ್ಲಿ ಸೈಕಲ್ ಚೀಲಗಳ ಉದ್ಯಮ ಆರಂಭಿಸಿದರು. ‘ಹೆಚ್ಚು ಹೊರು’ ಎಂಬುದೇ ಆ ಹೆಸರಿನ ಅರ್ಥ.

ಹತ್ತಿಯ ಬಟ್ಟೆ ನೀರನ್ನು ತಡೆಯುವುದು ಹೇಗೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಹತ್ತಿಯ ಎಳೆ ನೀರು ಕುಡಿದಾಗ ಉಬ್ಬುತ್ತದೆ. ಒತ್ತೊತ್ತಾಗಿ ನೇಯ್ದ ಬಟ್ಟೆಯಲ್ಲಿ ಎಳೆಗಳು ಉಬ್ಬಿದರೆ ನಡುವಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಮೇಣ ಹಚ್ಚಿದರೆ ರಕ್ಷಣೆ ಇನ್ನೂ ಹೆಚ್ಚು. ಹೊರಗೆ ಒದ್ದೆಯಾದರೂ ಒಳಗಿನ ಸಕ್ಕರೆ ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ಆದರೆ ಒದ್ದೆ ಕ್ಯಾನ್ವಾಸು ಭಾರ, ಒಣಗಿಸದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ.

೧೯೩೫ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕ್ಯಾರದರ್ಸ್ ಮತ್ತು ಸಂಗಡಿಗರು ನೈಲಾನ್ ತಯಾರಿಸಿದರು. ಹಗುರ, ಉಜ್ಜಿದರೆ ಬೇಗ ಸವೆಯದು. ಆದರೆ ನೈಲಾನ್ ಎಳೆ ಹತ್ತಿಯಂತೆ ಉಬ್ಬಿ ರಂಧ್ರ ಮುಚ್ಚುವುದಿಲ್ಲ. ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಲೇಪ ಬೇಕು. ವರ್ಷಗಳು ಕಳೆದಂತೆ ಆ ಲೇಪ ಸುಲಿಯುತ್ತದೆ. ಸೂಜಿ ಚುಚ್ಚಿದ ಪ್ರತಿಯೊಂದು ತೂತೂ ನೀರಿಗೆ ಬಾಗಿಲು. ಜರ್ಮನಿಯ ಹಾರ್ಟ್‌ಮುಟ್ ಓರ್ಟ್‌ಲೀಬ್ ಮಳೆಯಲ್ಲಿ ಸೈಕಲ್ ಪ್ರವಾಸ ಮಾಡುತ್ತ, ಲಾರಿಗಳಿಗೆ ಹೊದಿಸಿದ ತಾಡಪಾಲನ್ನು ಕಂಡು, ಅದರಿಂದಲೇ ಚೀಲ ಮಾಡಬಾರದೇಕೆ ಎಂದು ಯೋಚಿಸಿದ. ೧೯೮೨ರಲ್ಲಿ ಅವನ ಕಂಪನಿ ಹುಟ್ಟಿತು. ಇಂಥ ಚೀಲಗಳಲ್ಲಿ ಅಂಚುಗಳನ್ನು ಹೊಲಿಯದೆ ಬೆಸುಗೆ ಹಾಕುವ ಕ್ರಮ ಬಂತು. ಬಾಯಿಯನ್ನು ಮೂರ್ನಾಲ್ಕು ಸುತ್ತು ಸುರುಳಿ ಸುತ್ತಿ ಕಟ್ಟಿದರೆ ನೀರು ಒಳಹೋಗದು.

ನಮ್ಮ ಹಾಲಿನ ಕ್ಯಾನು, ಅವರ ಅಕ್ಕಿಯ ಮೂಟೆ

ನಮ್ಮ ದೇಶದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಸ್ವಾತಂತ್ರ್ಯದ ನಂತರ ಮದರಾಸಿನ ಟಿ.ಐ. ಸೈಕಲ್ಸ್ (೧೯೪೯), ಸೋನಿಪತ್‌ನ ಅಟ್ಲಾಸ್ (೧೯೫೧), ಲುಧಿಯಾನದ ಹೀರೋ (೧೯೫೬) ಮೊದಲಾದ ಕಾರ್ಖಾನೆಗಳು ಬಂದವು. ಗಟ್ಟಿ ಉಕ್ಕಿನ ಚೌಕಟ್ಟು, ಹಿಂದೆ ಸ್ಪ್ರಿಂಗ್ ಹಿಡಿಯುಳ್ಳ ಕ್ಯಾರಿಯರ್: ಇದು ನಮ್ಮ ಸೈಕಲ್ಲಿನ ರೂಪ. ಇಲ್ಲಿ ಚೀಲವನ್ನು ಯಾರೂ ಕಾರ್ಖಾನೆಯಲ್ಲಿ ಮಾಡಲಿಲ್ಲ, ಬೀದಿಯೇ ಮಾಡಿಕೊಂಡಿತು. ಹಾಲಿನವರು ಕಬ್ಬಿಣದ ಕೊಕ್ಕೆಯಿಂದ ಕ್ಯಾರಿಯರಿನ ಎರಡೂ ಬದಿಗೆ ಕ್ಯಾನು ತೂಗುಹಾಕಿದರು. ಗ್ಯಾಸ್ ಸಿಲಿಂಡರನ್ನೂ ಹಾಗೆಯೇ. ಎಳನೀರಿನವರು ಗೊನೆಗಳನ್ನು ಹಗ್ಗದಿಂದ ಇಳಿಬಿಟ್ಟರು. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿದರೆ ಕಟ್ಟುವ ಪಟ್ಟಿ ಸಿದ್ಧ. ಗಮನಿಸಿ, ಇವೆಲ್ಲ ಹಸುಬೆಯ ತತ್ತ್ವವೇ.

ಹೊರೆಯ ಸೈಕಲ್ ಚರಿತ್ರೆಯ ಗತಿಯಲ್ಲೂ ಪಾಲುಗೊಂಡಿದೆ. ೧೯೫೪ರಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫು ಕಾಳಗದಲ್ಲಿ ಸಾವಿರಾರು ಜನ ಸೈಕಲ್ಲಿನ ಹ್ಯಾಂಡಲ್ಲಿಗೆ ಬಿದಿರಿನ ಕೋಲು ಕಟ್ಟಿ, ಒಂದೊಂದರ ಮೇಲೆ ೨೦೦ ಕಿಲೋದಷ್ಟು ಅಕ್ಕಿ, ಮದ್ದುಗುಂಡು ಹೇರಿ, ಕಾಡುಗುಡ್ಡಗಳಲ್ಲಿ ತಳ್ಳಿಕೊಂಡು ನಡೆದರು. ಆ ಕಣಿವೆಗೆ ಇಷ್ಟು ಸಾಮಗ್ರಿ ತಲಪಲಾರದು ಎಂದು ನಂಬಿದ್ದ ಫ್ರೆಂಚ್ ಸೇನೆ ಸೋತಿತು.

ಯುದ್ಧವಿಲ್ಲದ ಇನ್ನೊಂದು ಗೆಲುವೂ ಇದೆ. ೧೯೯೦ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನ, ಅಕ್ಷರದ ಜೊತೆಗೆ ಗ್ರಾಮೀಣ ಮಹಿಳೆಯರಿಗೆ ಸೈಕಲ್ ಕಲಿಸಿತು. ನೀರಿನ ಕೊಡ, ಮಾರಾಟದ ಸರಕು, ಮಗು, ಎಲ್ಲವನ್ನೂ ಸೈಕಲ್ ಮೇಲೇರಿಸಿಕೊಂಡು ಅವರು ಹೊರಟರು. ಬಸ್ಸಿಗೆ ಕಾಯುವುದು, ಮನೆಯ ಗಂಡಸರನ್ನು ಕೇಳುವುದು ತಪ್ಪಿತು. ಕರ್ನಾಟಕದಲ್ಲಿ ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂದಾಗ, ಅವು ಶಾಲೆಗೆ ಮಾತ್ರವಲ್ಲದೆ ಅಂಗಡಿಗೂ ಹಾಲಿನ ಡೇರಿಗೂ ಹೋದವು. ಸಾಮಾನು ಹೊರಲಾರದ ಸೈಕಲ್ ಅರ್ಧ ಸ್ವಾತಂತ್ರ್ಯವನ್ನಷ್ಟೇ ಕೊಡುತ್ತದೆ.

ನೀವು ಚೀಲ ಆರಿಸುವಾಗ

ಇಷ್ಟು ಇತಿಹಾಸದಿಂದ ನಿಮಗೇನು ಉಪಯೋಗ? ಸ್ವಲ್ಪ ಲೆಕ್ಕ ಮಾಡೋಣ.

ಮೊದಲನೆಯದು, ಬಟ್ಟೆ. ಚೀಲದ ಚೀಟಿಯಲ್ಲಿ ‘೧೦೦೦ ಡೆನಿಯರ್’ ಎಂದಿರಬಹುದು. ೯,೦೦೦ ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. ಅಂದರೆ ಇಲ್ಲಿ ಒಂಬತ್ತು ಕಿಲೋಮೀಟರ್ ನೂಲಿಗೆ ಒಂದು ಕಿಲೋ ತೂಕ. ಸಂಖ್ಯೆ ದೊಡ್ಡದಾದಷ್ಟೂ ನೂಲು ದಪ್ಪ. ದಿನವೂ ಬಿಸಿಲಲ್ಲಿ ನಿಲ್ಲುವ ಸೈಕಲ್ಲಿಗೆ ನೈಲಾನಿಗಿಂತ ಪಾಲಿಯೆಸ್ಟರ್ ಮೇಲು, ಬಿಸಿಲಿನ ಅತಿನೇರಳೆ ಕಿರಣಗಳನ್ನು ಅದು ಹೆಚ್ಚು ತಾಳುತ್ತದೆ.

ಎರಡನೆಯದು, ಗಾತ್ರ. ದೊಡ್ಡ ಜೋಡಿ ಚೀಲದಲ್ಲಿ ಸುಮಾರು ೪೦ ಲೀಟರ್ ಜಾಗವಿರುತ್ತದೆ. ಒಂದು ಲೀಟರ್ ಜಾಗದಲ್ಲಿ ಅಂದಾಜು ೮೦೦ ಗ್ರಾಂ ಅಕ್ಕಿ ಹಿಡಿಯುತ್ತದೆ. ಚೀಲ ತುಂಬಿದರೆ ೩೨ ಕಿಲೋ! ಈಗಿನ ಅನೇಕ ಅಲ್ಯೂಮಿನಿಯಂ ಕ್ಯಾರಿಯರ್‌ಗಳ ಮೇಲೆ ‘೨೫ ಕಿಲೋ’ ಎಂಬ ಮಿತಿ ಅಚ್ಚಾಗಿರುತ್ತದೆ. ಸೊಪ್ಪು ತರುವಾಗ ಜಾಗ ಮೊದಲು ಮುಗಿಯುತ್ತದೆ, ಅಕ್ಕಿ ತರುವಾಗ ಕ್ಯಾರಿಯರಿನ ಶಕ್ತಿ ಮೊದಲು ಮುಗಿಯುತ್ತದೆ. ಚೀಲ ತುಂಬಿಲ್ಲವೆಂದು ಇನ್ನಷ್ಟು ತುರುಕಬೇಡಿ.

ಮೂರನೆಯದು, ಸಮತೋಲ. ಒಂದೇ ಬದಿಯ ಚೀಲದಲ್ಲಿ ೮ ಕಿಲೋ ಇದೆ, ಅದು ಸೈಕಲ್ಲಿನ ಮಧ್ಯರೇಖೆಯಿಂದ ೨೦ ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. ನಿಮ್ಮ ತೂಕ ೬೫, ಸೈಕಲ್ ೧೮, ಚೀಲ ೮, ಒಟ್ಟು ೯೧ ಕಿಲೋ. ೮ನ್ನು ೨೦ರಿಂದ ಗುಣಿಸಿ ೯೧ರಿಂದ ಭಾಗಿಸಿದರೆ, ಗುರುತ್ವ ಕೇಂದ್ರ ಸರಿದದ್ದು ಎರಡು ಸೆಂಟಿಮೀಟರಿಗೂ ಕಡಿಮೆ. ಸವಾರಿಯಲ್ಲಿ ಕೊಂಚ ವಾಲಿದರೆ ಸಾಕು, ಗೊತ್ತೇ ಆಗದು. ಆದರೆ ನೀವು ಇಳಿದ ಕೂಡಲೇ ಒಟ್ಟು ತೂಕ ೨೬ ಕಿಲೋಗೆ ಇಳಿಯುತ್ತದೆ, ಕೇಂದ್ರ ಆರು ಸೆಂಟಿಮೀಟರಿಗೂ ಹೆಚ್ಚು ಸರಿಯುತ್ತದೆ. ಓಡುವಾಗ ಬೀಳದ ಸೈಕಲ್ ಅಂಗಡಿಯ ಮುಂದೆ ಸ್ಟ್ಯಾಂಡಿನಿಂದ ಉರುಳುವ ಗುಟ್ಟು ಇದೇ. ಎರಡೂ ಬದಿಗೆ ಹಂಚಿ, ಭಾರವಾದದ್ದನ್ನು ತಳದಲ್ಲಿಡಿ.

ನಾಲ್ಕನೆಯದು, ಕೊಕ್ಕೆ. ಮೇಲಿನ ಕೊಕ್ಕೆಗಳು ಹೊರೆ ಹೊರುತ್ತವೆ, ಕೆಳಗಿನ ಹಿಡಿಕೆ ಚೀಲ ಗಾಲಿಯ ಕಡೆಗೆ ತೂಗಾಡದಂತೆ ತಡೆಯುತ್ತದೆ. ಕೆಳಗಿನದಿಲ್ಲದ ಚೀಲ ಕೊಳ್ಳಬೇಡಿ. ಕೊಳ್ಳುವ ಮೊದಲು ಚೀಲ ತೂಗುಹಾಕಿ ಪೆಡಲನ್ನು ಹಿಂದಕ್ಕೆ ತಿರುಗಿಸಿ ನೋಡಿ. ಹಿಮ್ಮಡಿ ಚೀಲಕ್ಕೆ ತಾಗಿದರೆ ಚೀಲವನ್ನು ಹಿಂದಕ್ಕೆ ಸರಿಸಬೇಕು. ಬಗಲಲ್ಲಿ ಬೆಳಕು ಹಿಂದಿರುಗಿಸುವ ಪಟ್ಟಿಯಿದ್ದರೆ ಮುಸ್ಸಂಜೆಯ ರಸ್ತೆಯಲ್ಲಿ ಅದು ನಿಮ್ಮ ರಕ್ಷಕ.

ಕೊನೆಯದು, ರಿಪೇರಿ. ಬಾಳಿಕೆ ಎಂದರೆ ಹರಿಯದಿರುವುದಷ್ಟೇ ಅಲ್ಲ, ಹರಿದರೆ ಹೊಲಿಯಲು ಬರುವುದೂ ಹೌದು. ಜಿಪ್ಪು ಕೆಟ್ಟರೆ ಚೀಲವೇ ಕೆಟ್ಟಂತೆ, ಬಕಲ್ ಒಡೆದರೆ ಬದಲಿಸಬಹುದು. ದುಬಾರಿ ಚೀಲ ಕೈಗೆಟುಕದಿದ್ದರೆ ನಿರಾಶೆ ಬೇಡ. ಹಳೆಯ ತಾಡಪಾಲಿನ ತುಂಡು, ಸೀಟು ಹೊಲಿಯುವವರ ದಪ್ಪ ಸೂಜಿ, ಹಾಲಿನವರ ಕೊಕ್ಕೆ: ಮೂರೂ ನಿಮ್ಮ ಊರಿನಲ್ಲಿಯೇ ಇವೆ. ತಳಕ್ಕೆ ಎರಡು ಪದರ ಹಾಕಿಸಿ, ಬಾಯಿಯನ್ನು ಸುರುಳಿ ಸುತ್ತುವಷ್ಟು ಉದ್ದ ಬಿಡಿಸಿ, ಗಾಲಿಯ ಕಡೆಗೆ ಒಂದು ಗಟ್ಟಿ ಹಲಗೆ ಕೂಡಿಸಿ.

೨೦೧೬ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದಾಗ, ಮನೆಯಿಂದ ಚೀಲ ಒಯ್ಯುವ ಹಳೆಯ ಅಭ್ಯಾಸ ಮತ್ತೆ ಕಾನೂನಿನ ಮಾತಾಯಿತು. ಬಂಜಾರರ ಎತ್ತು ಬರಿಬೆನ್ನಿನಲ್ಲಿ ಹೊರಡುತ್ತಿರಲಿಲ್ಲ. ನಿಮ್ಮ ಸೈಕಲ್ಲೂ ಹಾಗೆ ಹೊರಡದಿರಲಿ. ಈ ವಾರ ನಿಮ್ಮ ಬೀದಿಗೆ ಬರುವ ಹಾಲಿನವರನ್ನೋ ಎಳನೀರಿನವರನ್ನೋ ನಿಲ್ಲಿಸಿ, ಅವರ ಕೊಕ್ಕೆ ಹಗ್ಗಗಳನ್ನು ಸೂಕ್ಷ್ಮವಾಗಿ ನೋಡಿ, ಯಾಕೆ ಹೀಗೆ ಕಟ್ಟಿದ್ದೀರಿ ಎಂದು ಕೇಳಿ, ಚಿತ್ರ ಬರೆದಿಟ್ಟುಕೊಳ್ಳಿ. ಪುಸ್ತಕಗಳಲ್ಲಿ ಇನ್ನೂ ಬರೆಯದ ಎಷ್ಟೋ ಚರಿತ್ರೆ ಅವರ ಕೈಯಲ್ಲಿದೆ.